ಮಿತಿ ಮೀರಿದ ನೀರಿನ ಪಟ್ಟಿ: ಹಲವು ಷರತ್ತುಗಳ ಫಿಲ್ಟರ್ ಕುರಿತ ಒಂದು ಪ್ರಕರಣ

ಪ್ರಶ್ನೆ ಒಂದೇ ವಾಕ್ಯದ್ದು. ಕುಡಿಯಲು ಬಳಸುತ್ತಿರುವ ಯಾವ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದೆ, ಅವುಗಳ ಪೈಕಿ ಶುದ್ಧ ಕುಡಿಯುವ ನೀರಿನ ಘಟಕ ನಡೆಯದೇ ಇರುವ ಊರುಗಳು ಯಾವುವು? ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದು ಇದಕ್ಕೆ ಉತ್ತರವಾಗಿ ಒಂದು ಪಟ್ಟಿ ಸಿದ್ಧಪಡಿಸಬೇಕಿತ್ತು. ಪಟ್ಟಿಯಲ್ಲಿ ಹೆಸರು ಬಂದ ಊರಿನ ಗ್ರಾಮ ಪಂಚಾಯಿತಿಗೆ ಪತ್ರ ಹೋಗುತ್ತದೆ. ಘಟಕದ ದುರಸ್ತಿಯ ಮಾತೋ ಟ್ಯಾಂಕರ್ ನೀರಿನ ಮಾತೋ ಶುರುವಾಗುತ್ತದೆ. ಹೆಸರು ಬಾರದ ಊರಿನಲ್ಲಿ ಏನೂ ಆಗುವುದಿಲ್ಲ, ಜನ ಅದೇ ನೀರು ಕುಡಿಯುತ್ತಿರುತ್ತಾರೆ. ಸ್ಪ್ರೆಡ್‌ಶೀಟ್‌ನಲ್ಲಿ ಫಿಲ್ಟರ್ ಹಾಕುವ ಕೆಲಸದ ಬಗ್ಗೆ ಇಷ್ಟು ವಿವರವಾಗಿ ಬರೆಯುತ್ತಿರುವುದು ಇದೇ ಕಾರಣಕ್ಕೆ.

ಸಣ್ಣ ಸಂಸ್ಥೆಗಳಿಗೆ ಮಾಹಿತಿ ಪಟ್ಟಿಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ. ಊರುಗಳ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ. ಬೇರೆ ಜಿಲ್ಲೆಯವರಿಗೆ, ಬೇರೆ ವಿಷಯದ ಪಟ್ಟಿ ಇಟ್ಟುಕೊಂಡವರಿಗೆ ಉಪಯೋಗವಾಗುವುದು ಈ ಕೆಲಸ ನಡೆದ ರೀತಿಯೇ ಹೊರತು ಹೆಸರುಗಳಲ್ಲ.

ನೀರಿನ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಏಕೆಂದರೆ ಷರತ್ತುಗಳು ಹುಟ್ಟಿದ್ದು ಅಲ್ಲಿಂದ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಬಹುಪಾಲು ಊರುಗಳಿಗೆ ಕೊಳವೆಬಾವಿಯೇ ಆಧಾರ. ಆಳದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಬಿಡುತ್ತದೆ. ನೈಟ್ರೇಟ್‌ನ ದಾರಿ ಬೇರೆ: ಹೊಲಕ್ಕೆ ಹಾಕಿದ ಗೊಬ್ಬರ, ಕೊಟ್ಟಿಗೆಯ ಗಂಜಲ, ತಿಪ್ಪೆ, ಶೌಚಗುಂಡಿ ಇವುಗಳಿಂದ ಅದು ಮೇಲಿನಿಂದ ಕೆಳಗೆ ಇಂಗುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನದಂಡದ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನೈಟ್ರೇಟ್‌ಗೆ 45 ಮಿಲಿಗ್ರಾಂ ಮಿತಿ, ಅದಕ್ಕೆ ಸಡಿಲಿಕೆ ಇಲ್ಲ. ಫ್ಲೋರೈಡ್ ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ನೈಟ್ರೇಟ್ ಹೆಚ್ಚಿದ್ದ ನೀರಿನಲ್ಲಿ ಬಾಟಲಿ ಹಾಲು ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ. ಕುದಿಸಿದರೆ ಇವೆರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ.

ಸಂಸ್ಥೆಯ ಬಳಿ ಇದ್ದದ್ದು ಒಂದು ಎಕ್ಸೆಲ್ ಕಡತ. ಅದರಲ್ಲಿ ಎರಡು ಶೀಟ್. ಮೊದಲನೆಯದರಲ್ಲಿ ನೀರಿನ ಮೂಲಗಳು: ಊರು, ಮೂಲದ ಸಂಖ್ಯೆ, ಬಳಕೆ, ಮಾದರಿ ತೆಗೆದ ದಿನಾಂಕ, ಫ್ಲೋರೈಡ್, ನೈಟ್ರೇಟ್. ಎರಡನೆಯದರಲ್ಲಿ ಊರುವಾರು ಘಟಕಗಳು ಮತ್ತು ಅವುಗಳ ಸ್ಥಿತಿ. ಹಲವರು, ಹಲವು ಕಾಲದಲ್ಲಿ, ಹಲವು ಪ್ರಯೋಗಾಲಯಗಳ ವರದಿ ನೋಡಿ ತುಂಬಿದ ಪಟ್ಟಿ ಅದು.

ಕಚೇರಿಯಲ್ಲಿ ಮೊದಲು ತಯಾರಾಗಿದ್ದ ಉತ್ತರ ಬಹಳ ಚಿಕ್ಕದಾಗಿತ್ತು. ಅದನ್ನು ಓದಿದ ಕ್ಷೇತ್ರ ಕಾರ್ಯಕರ್ತೆ ಒಂದು ಊರಿನ ಹೆಸರು ಹುಡುಕಿದರು, ಸಿಗಲಿಲ್ಲ. "ಸಾರ್, ಆ ಊರಿನ ಶಾಲೆಗೆ ನಾನೇ ಹೋಗಿದ್ದೇನೆ. ನಾಲ್ಕನೇ ತರಗತಿಯ ಮಕ್ಕಳು ನಕ್ಕರೆ ಹಲ್ಲಿನ ಮೇಲಿನ ಕಂದು ಗೆರೆ ಕಾಣುತ್ತದೆ. ಆ ಊರು ಪಟ್ಟಿಯಲ್ಲಿ ಹೇಗೆ ಇಲ್ಲ?" ಎಂದು ಕೇಳಿದರು. ಮೂಲ ಶೀಟ್‌ನಲ್ಲಿ ನೋಡಿದರೆ ಆ ಊರಿನ ಕೊಳವೆಬಾವಿ ಇತ್ತು, ಫ್ಲೋರೈಡ್ ಮಿತಿಗಿಂತ ಸಾಕಷ್ಟು ಮೇಲೆಯೇ ಇತ್ತು. ಆದರೂ ಫಿಲ್ಟರ್ ಅದನ್ನು ಬಿಟ್ಟಿತ್ತು. ಪ್ರಕರಣ ನಿಜವಾಗಿ ಆರಂಭವಾಗುವುದು ಇಲ್ಲಿಂದ.

ವಿಷಯ ಸ್ಪಷ್ಟವಾಗಲೆಂದು ಮಾದರಿಗೆ ಆರು ಸಾಲುಗಳನ್ನು ಇಡುತ್ತೇನೆ. ಅಂಕಿಗಳು ವಿವರಣೆಗಾಗಿ ನಾನೇ ಹಾಕಿದವು, ಯಾವ ಊರಿನವೂ ಅಲ್ಲ. ಐದನೆಯ ಸಾಲಿನ ಖಾಲಿ ಸೆಲ್, ಆರನೆಯದರ "ಬಿಡಿಎಲ್" ಇವುಗಳ ಬಗ್ಗೆ ಮುಂದೆ ಹೇಳುತ್ತೇನೆ.

| ಮೂಲ | ಬಳಕೆ | ಫ್ಲೋರೈಡ್ | ನೈಟ್ರೇಟ್ |
|---|---|---|---|
| 1 | ಕುಡಿಯಲು | 2.1 | 30 |
| 2 | ಕುಡಿಯಲು | 0.9 | 68 |
| 3 | ಕುಡಿಯಲು | 1.9 | 52 |
| 4 | ಜಮೀನಿಗೆ | 0.7 | 80 |
| 5 | ಕುಡಿಯಲು | 0.8 | |
| 6 | ಕುಡಿಯಲು | ಬಿಡಿಎಲ್ | 12 |

ನಮಗೆ ಬೇಕಾದದ್ದು 1, 2 ಮತ್ತು 3. ತಲೆಬರಹದ ಪಕ್ಕದ ಬಾಣ ಒತ್ತಿ ಹಾಕುವ ಸಾಮಾನ್ಯ ಫಿಲ್ಟರ್‌ನಲ್ಲಿ ಬಳಕೆಗೆ "ಕುಡಿಯಲು", ಫ್ಲೋರೈಡ್‌ಗೆ 1.5ಕ್ಕಿಂತ ಹೆಚ್ಚು, ನೈಟ್ರೇಟ್‌ಗೆ 45ಕ್ಕಿಂತ ಹೆಚ್ಚು ಎಂದು ಕೊಟ್ಟರೆ ಸಿಗುವುದು ಮೂರನೆಯ ಸಾಲು ಮಾತ್ರ. ಈ ಫಿಲ್ಟರ್ ಒಂದರ ಕೆಳಗೊಂದು ಹಿಡಿದ ಜರಡಿಯಂತೆ: ಮೊದಲ ಕಾಲಮ್‌ನಲ್ಲಿ ಉಳಿದದ್ದಷ್ಟೇ ಎರಡನೆಯದಕ್ಕೆ ಹೋಗುತ್ತದೆ. ಒಂದೇ ಕಾಲಮ್‌ನೊಳಗೆ ಎರಡು ಹೆಸರಿಗೆ ಗುರುತು ಹಾಕಿದರೆ "ಇದಾದರೂ ಸರಿ, ಅದಾದರೂ ಸರಿ" ಎಂದಾಗುತ್ತದೆ. ಎರಡು ಕಾಲಮ್‌ಗಳ ನಡುವೆ ಮಾತ್ರ ಯಾವಾಗಲೂ "ಇದೂ ಇರಬೇಕು, ಅದೂ ಇರಬೇಕು" ಎಂದೇ. ಇದನ್ನು ಬದಲಿಸುವ ಗುಂಡಿ ಆ ಫಿಲ್ಟರ್‌ನಲ್ಲಿ ಇಲ್ಲ.

ಮೇಲೆ ಹೇಳಿದ ನೀರಿನ ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಫ್ಲೋರೈಡ್ ಬಂಡೆಯಿಂದ ಬರುತ್ತದೆ, ನೈಟ್ರೇಟ್ ನೆಲದ ಮೇಲಿನಿಂದ ಬರುತ್ತದೆ. ಎರಡೂ ಒಂದೇ ಬಾವಿಯಲ್ಲಿ ಹೆಚ್ಚಿರಲೇಬೇಕೆಂಬ ನಿಯಮವಿಲ್ಲ. ಹಾಗಾಗಿ ಎರಡೂ ಮೀರಿದ ಬಾವಿಗಳನ್ನಷ್ಟೇ ಹುಡುಕಿದರೆ ಒಂದೊಂದೇ ಮೀರಿದ ಬಾವಿಗಳೆಲ್ಲ ಜಾರಿಹೋಗುತ್ತವೆ. ಮಕ್ಕಳ ಹಲ್ಲಿನಲ್ಲಿ ಕಲೆ ಕಂಡ ಊರು ಬಿಟ್ಟುಹೋದದ್ದು ಹೀಗೆ.

ಸಂಸ್ಥೆಯ ಕಂಪ್ಯೂಟರ್‌ನಲ್ಲಿ ಇದ್ದದ್ದು ಎಕ್ಸೆಲ್ 2016. ಹೊಸ ಫಿಲ್ಟರ್ ಫಂಕ್ಷನ್ ಅದರಲ್ಲಿಲ್ಲ. ಅದು ಎಕ್ಸೆಲ್ 2021 ಮತ್ತು ಮೈಕ್ರೋಸಾಫ್ಟ್ 365ರಲ್ಲಿ ಸಿಗುತ್ತದೆ. ಆದ್ದರಿಂದ ಮೊದಲು ಹಿಡಿದದ್ದು ಡೇಟಾ ಟ್ಯಾಬ್‌ನಲ್ಲಿರುವ ಅಡ್ವಾನ್ಸ್ಡ್ ಫಿಲ್ಟರ್. ತುಂಬ ಹಳೆಯ ಸಾಧನ, ಬಹಳ ಮಂದಿ ಮುಟ್ಟುವುದೇ ಇಲ್ಲ, ಆದರೆ ಇಂಥ ಪ್ರಶ್ನೆಗೆ ಹೇಳಿ ಮಾಡಿಸಿದ್ದು. ಅದಕ್ಕೆ ಷರತ್ತುಗಳನ್ನು ಬೇರೆ ಜಾಗದಲ್ಲಿ ಒಂದು ಪುಟ್ಟ ಕೋಷ್ಟಕವಾಗಿ ಬರೆದುಕೊಡಬೇಕು. ತಲೆಬರಹಗಳು ಮೂಲ ಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಒಂದೇ ಸಾಲಿನಲ್ಲಿ ಬರೆದ ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಬೇಕು; ಬೇರೆ ಸಾಲಿನಲ್ಲಿ ಬರೆದದ್ದು ಪರ್ಯಾಯ.

| ಬಳಕೆ | ಫ್ಲೋರೈಡ್ | ನೈಟ್ರೇಟ್ |
|---|---|---|
| ಕುಡಿಯಲು | >1.5 | |
| ಕುಡಿಯಲು | | >45 |

ಮೊದಲ ಸಾಲು 1 ಮತ್ತು 3ನ್ನು ತರುತ್ತದೆ, ಎರಡನೆಯದು 2 ಮತ್ತು 3ನ್ನು. ಮೂರನೆಯ ಮೂಲ ಎರಡಕ್ಕೂ ಹೊಂದಿದರೂ ಫಲಿತಾಂಶದಲ್ಲಿ ಒಮ್ಮೆಯೇ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು "ಕುಡಿಯಲು" ಎಂಬುದನ್ನು ಎರಡೂ ಸಾಲಿನಲ್ಲಿ ಬರೆದಿರುವುದು. ಎರಡನೆಯ ಸಾಲಿನಲ್ಲಿ ಅದನ್ನು ಬಿಟ್ಟರೆ ಜಮೀನಿನ ಬಾವಿಯಾದ 4 ಕೂಡ ಒಳಗೆ ಬರುತ್ತದೆ. ಷರತ್ತಿನ ವ್ಯಾಪ್ತಿಯಲ್ಲಿ ಕೆಳಗೆ ಒಂದು ಖಾಲಿ ಸಾಲು ಸೇರಿಕೊಂಡರಂತೂ ಯಾವ ಷರತ್ತೂ ಇಲ್ಲ ಎಂದರ್ಥವಾಗಿ ಇಡೀ ಪಟ್ಟಿಯೇ ಹಾಗೇ ಹೊರಬರುತ್ತದೆ.

ಇನ್ನೊಂದು ಸಂಗತಿ ನಮ್ಮ ಕಡತದಲ್ಲಿಯೇ ಎದುರಾಯಿತು. ಬಳಕೆಯ ಕಾಲಮ್‌ನಲ್ಲಿ ಕೆಲವು ಕಡೆ "ಕುಡಿಯಲು ಅಲ್ಲ" ಎಂದು ಬರೆದಿದ್ದರು. ಅಡ್ವಾನ್ಸ್ಡ್ ಫಿಲ್ಟರ್‌ಗೆ ಬರಿಯ "ಕುಡಿಯಲು" ಎಂದು ಕೊಟ್ಟರೆ ಆ ಪದದಿಂದ ಆರಂಭವಾಗುವ ಎಲ್ಲವನ್ನೂ ಅದು ಹಿಡಿಯುತ್ತದೆ. ಹಾಗಾಗಿ ಕುಡಿಯಲು ಬಳಸದ ಬಾವಿಗಳೂ ಬಂದವು. ಅಷ್ಟೇ ಪದ, ಅದಕ್ಕಿಂತ ಹೆಚ್ಚಿಲ್ಲ ಎಂದು ಹೇಳಲು ಷರತ್ತಿನ ಸೆಲ್‌ನಲ್ಲಿ ="=ಕುಡಿಯಲು" ಎಂದು ಬರೆಯಬೇಕು. ನೋಡಲು ವಿಚಿತ್ರ, ಆದರೆ ಅದೇ ಸರಿಯಾದ ರೂಪ.

ಹೊಸ ಎಕ್ಸೆಲ್ ಇರುವವರು ಇದನ್ನೇ ಸೂತ್ರವಾಗಿ ಬರೆಯಬಹುದು. ಓದಲು ಅನುಕೂಲವಾಗಲೆಂದು ಫಂಕ್ಷನ್ ಮತ್ತು ಕಾಲಮ್‌ಗಳ ಹೆಸರನ್ನು ಕನ್ನಡದಲ್ಲೇ ಕೊಡುತ್ತೇನೆ. ಟೈಪ್ ಮಾಡುವಾಗ ಫಂಕ್ಷನ್ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಬೇಕು, ಕಾಲಮ್ ಹೆಸರಿನ ಜಾಗದಲ್ಲಿ ಅದರ ವ್ಯಾಪ್ತಿ ಬರಬೇಕು.

=ಫಿಲ್ಟರ್(ಪಟ್ಟಿ, (ಬಳಕೆ="ಕುಡಿಯಲು")*((ಫ್ಲೋರೈಡ್>1.5)+(ನೈಟ್ರೇಟ್>45)), "ಯಾವುದೂ ಇಲ್ಲ")

ಪ್ರತಿ ಸಾಲಿಗೂ ಪ್ರತಿ ಷರತ್ತು ನಿಜವಾದರೆ 1, ಸುಳ್ಳಾದರೆ 0 ಎಂದು ಲೆಕ್ಕ. ಗುಣಿಸಿದರೆ ಎಲ್ಲವೂ ನಿಜವಾಗಿರಬೇಕು, ಕೂಡಿಸಿದರೆ ಒಂದಾದರೂ ಸಾಕು. ಫ್ಲೋರೈಡ್ ಮತ್ತು ನೈಟ್ರೇಟ್‌ಗಳ ಮೊತ್ತವನ್ನು ಸುತ್ತಿರುವ ಆ ಒಂದು ಜೊತೆ ಆವರಣವೇ ಈ ಸೂತ್ರದ ಪ್ರಾಣ. ಶಾಲೆಯಲ್ಲಿ ಕಲಿತಂತೆ ಗುಣಾಕಾರ ಮೊದಲು, ಸಂಕಲನ ನಂತರ. ಆವರಣ ಬಿಟ್ಟರೆ "ಕುಡಿಯಲು ಬಳಸುವ, ಫ್ಲೋರೈಡ್ ಮೀರಿದ ಮೂಲಗಳು; ಜೊತೆಗೆ ನೈಟ್ರೇಟ್ ಮೀರಿದ ಯಾವುದೇ ಮೂಲ" ಎಂದಾಗಿ ಜಮೀನಿನ 4ನೇ ಬಾವಿ ಮತ್ತೆ ಒಳಗೆ ಬರುತ್ತದೆ. ಇಲ್ಲಿ ಗುಣಾಕಾರ, ಸಂಕಲನದ ಬದಲು ಆಂಡ್, ಆರ್ ಫಂಕ್ಷನ್‌ಗಳನ್ನು ಹಾಕಲು ಮನಸ್ಸಾಗುವುದು ಸಹಜ. ಆದರೆ ಅವು ಇಡೀ ಕಾಲಮನ್ನು ನುಂಗಿ ಒಂದೇ ಒಂದು ಉತ್ತರ ಕೊಡುತ್ತವೆ, ಸಾಲು ಸಾಲಿಗೆ ಉತ್ತರ ಕೊಡುವುದಿಲ್ಲ. ಗೂಗಲ್ ಶೀಟ್ಸ್ ಬಳಸುವವರಿಗೆ ಒಂದು ಸಣ್ಣ ವ್ಯತ್ಯಾಸ: ಅಲ್ಲಿನ ಫಿಲ್ಟರ್ ಫಂಕ್ಷನ್‌ನಲ್ಲಿ ಷರತ್ತುಗಳನ್ನು ಅಲ್ಪವಿರಾಮ ಹಾಕಿ ಒಂದರ ಮುಂದೊಂದು ಬರೆದರೆ ಎಲ್ಲವೂ ನಿಜವಾಗಬೇಕು ಎಂದಾಗುತ್ತದೆ, ಪರ್ಯಾಯಕ್ಕೆ ಅಲ್ಲಿಯೂ ಕೂಡಿಸುವ ಚಿಹ್ನೆ ನಡೆಯುತ್ತದೆ.

ಇಲ್ಲಿಯವರೆಗಿನದು ಪುಸ್ತಕದಲ್ಲಿ ಸಿಗುವ ಪಾಠ. ಕಷ್ಟವಿದ್ದದ್ದು ಐದು ಮತ್ತು ಆರನೆಯ ಸಾಲುಗಳಂಥವುಗಳಲ್ಲಿ.

ಬಿಡಿಎಲ್ ಎಂದರೆ ಉಪಕರಣ ಗುರುತಿಸಬಲ್ಲ ಪ್ರಮಾಣಕ್ಕಿಂತ ಕಡಿಮೆ. ಅಂದರೆ ಆರನೆಯ ಮೂಲದಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ನೀರು ಒಳ್ಳೆಯದು. ಆದರೆ ಮೇಲಿನ ಸೂತ್ರ ಅದನ್ನು ಮಿತಿ ಮೀರಿದ ಪಟ್ಟಿಗೆ ಸೇರಿಸುತ್ತದೆ. ಎಕ್ಸೆಲ್ ಸೂತ್ರದಲ್ಲಿ ಅಕ್ಷರವನ್ನು ಅಂಕಿಯೊಡನೆ ಹೋಲಿಸಿದರೆ ಅಕ್ಷರವೇ ಯಾವಾಗಲೂ ದೊಡ್ಡದು. ಆದ್ದರಿಂದ "ಬಿಡಿಎಲ್" 1.5ಕ್ಕಿಂತ ಹೆಚ್ಚು ಎಂಬುದು ಅದರ ಪ್ರಕಾರ ನಿಜ. ಸಾಮಾನ್ಯ ಫಿಲ್ಟರ್ ಮತ್ತು ಅಡ್ವಾನ್ಸ್ಡ್ ಫಿಲ್ಟರ್ ಹೀಗೆ ಮಾಡುವುದಿಲ್ಲ. ಅಂಕಿಯ ಷರತ್ತು ಕೊಟ್ಟರೆ ಅವು ಅಂಕಿಗಳನ್ನಷ್ಟೇ ನೋಡುತ್ತವೆ. ಹಾಗಾದರೆ ಅವೇ ಒಳ್ಳೆಯವು ಎನ್ನುವಂತಿಲ್ಲ. ನಮ್ಮ ಪಟ್ಟಿಯಲ್ಲಿ ಕೆಲವರು "2.4 ಮಿ.ಗ್ರಾಂ" ಎಂದು ಬರೆದಿದ್ದರು. ಇನ್ನು ಕೆಲವೆಡೆ 2.4 ಎಂದಷ್ಟೇ ಇದ್ದರೂ ಬೇರೆ ಕಡತದಿಂದ ನಕಲು ಮಾಡಿದ್ದರಿಂದ ಅದು ಅಕ್ಷರವಾಗಿ ಕುಳಿತಿತ್ತು. ಈ ಮೂಲಗಳಲ್ಲಿ ಫ್ಲೋರೈಡ್ ನಿಜಕ್ಕೂ ಮೀರಿದೆ, ಫಿಲ್ಟರ್ ಮಾತ್ರ ಅವುಗಳನ್ನು ಕಾಣುವುದೇ ಇಲ್ಲ. ಅಕ್ಷರವಾಗಿ ಕುಳಿತ ಸೆಲ್‌ಗಳಿಂದಾಗಿ ಒಂದು ಸಾಧನ ಒಳ್ಳೆಯ ನೀರನ್ನು ಕೆಟ್ಟದ್ದೆನ್ನುತ್ತದೆ, ಇನ್ನೊಂದು ಕೆಟ್ಟ ನೀರನ್ನು ಬಿಟ್ಟುಕೊಡುತ್ತದೆ. ಈ ಪ್ರಕರಣದಲ್ಲಿ ನನ್ನನ್ನು ಅತ್ಯಂತ ಚಿಂತೆಗೀಡು ಮಾಡಿದ್ದು ಇದೇ. ಎರಡನೆಯ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ಪಟ್ಟಿಯಲ್ಲಿ ಬಂದ ಅನಗತ್ಯ ಹೆಸರನ್ನು ಯಾರಾದರೂ ಪ್ರಶ್ನಿಸಬಹುದು. ಬಾರದ ಹೆಸರನ್ನು ಕೇಳಬೇಕಾದರೆ ಆ ಊರನ್ನು ಕಣ್ಣಾರೆ ಕಂಡವರೇ ಬೇಕು.

ಇದನ್ನು ಹಿಡಿಯುವ ದಾರಿ ಸುಲಭ. ಅಂಕಿ ಸಾಮಾನ್ಯವಾಗಿ ಸೆಲ್‌ನ ಬಲಕ್ಕೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ಕಾಲಮ್‌ಗೆ ಕೈಯಾರೆ ಕೊಟ್ಟ ಜೋಡಣೆಯನ್ನು ತೆಗೆದುಹಾಕಿದರೆ ಎಡಕ್ಕೆ ಸರಿದವು ತಾವಾಗಿಯೇ ಕಾಣುತ್ತವೆ. ಅಕ್ಷರವಾಗಿ ಕುಳಿತ ಅಂಕಿಯ ಸೆಲ್‌ನ ಮೂಲೆಯಲ್ಲಿ ಹಸಿರು ತ್ರಿಕೋನವೂ ಕಾಣಿಸಿಕೊಳ್ಳುತ್ತದೆ. ಲೆಕ್ಕ ಬೇಕೆಂದರೆ, ತಲೆಬರಹ ಬಿಟ್ಟು ಆ ಕಾಲಮ್‌ನಲ್ಲಿ ತುಂಬಿದ ಸೆಲ್‌ಗಳನ್ನು ಎಣಿಸುವ ಕೌಂಟ್‌ಎ ಫಂಕ್ಷನ್‌ನ ಉತ್ತರದಿಂದ ಅಂಕಿಗಳನ್ನಷ್ಟೇ ಎಣಿಸುವ ಕೌಂಟ್ ಫಂಕ್ಷನ್‌ನ ಉತ್ತರ ಕಳೆಯಬೇಕು. ಸೊನ್ನೆ ಬಾರದಿದ್ದರೆ ಫಿಲ್ಟರ್ ಮುಟ್ಟಬಾರದು. ವರದಿಯಲ್ಲಿ ಇದ್ದುದನ್ನು ಇದ್ದಂತೆಯೇ ಒಂದು ಕಾಲಮ್‌ನಲ್ಲಿ ಉಳಿಸಿ, ಪಕ್ಕದಲ್ಲಿ ಹೊಸ ಕಾಲಮ್ ಮಾಡಿ ಶುದ್ಧ ಅಂಕಿ ಮಾತ್ರ ಇಟ್ಟೆವು. ಬಿಡಿಎಲ್ ಇದ್ದಲ್ಲಿ ಹೊಸ ಕಾಲಮ್‌ನಲ್ಲಿ 0. ಮೂಲ ಬರಹವನ್ನು ಅಳಿಸದೆ ಉಳಿಸಿದ್ದರಿಂದ, ಆ ಸೊನ್ನೆ ಎಲ್ಲಿಂದ ಬಂತು ಎಂದು ಮುಂದೆ ಯಾರಾದರೂ ಕೇಳಿದರೆ ತೋರಿಸಬಹುದು.

ನೈಟ್ರೇಟ್ ಕಾಲಮ್‌ನಲ್ಲಿ ಬೇರೆ ಸಮಸ್ಯೆ ಇತ್ತು. ಒಂದು ಗುಂಪಿನ ವರದಿಗಳಲ್ಲಿ ಎಲ್ಲ ಅಂಕಿಗಳೂ ಅನುಮಾನ ಬರುವಷ್ಟು ಚಿಕ್ಕವು. ವರದಿಯ ತಲೆಬರಹ ಓದಿದಾಗ ತಿಳಿಯಿತು: ಅಲ್ಲಿ ನೈಟ್ರೇಟನ್ನು ಸಾರಜನಕದ ಲೆಕ್ಕದಲ್ಲಿ ಕೊಟ್ಟಿದ್ದರು. ಆ ಲೆಕ್ಕದ 1 ಮಿಲಿಗ್ರಾಂ ನೈಟ್ರೇಟ್ ಲೆಕ್ಕದಲ್ಲಿ ಸುಮಾರು 4.43 ಮಿಲಿಗ್ರಾಂ ಆಗುತ್ತದೆ. ಅಂದರೆ ಅಲ್ಲಿ 12 ಎಂದು ಕಂಡದ್ದು ನಿಜದಲ್ಲಿ 53ರ ಆಸುಪಾಸು, ಮಿತಿ ಮೀರಿದ್ದು. ಇಂಥದ್ದನ್ನು ಯಾವ ಫಿಲ್ಟರೂ ಕಂಡುಹಿಡಿಯಲಾರದು. ವರದಿಯ ಕಾಗದವನ್ನು ಕೈಯಲ್ಲಿ ಹಿಡಿದು ಓದಲೇಬೇಕು. ಅಂಕಿಯ ಪಕ್ಕದಲ್ಲಿ ಯಾವ ಲೆಕ್ಕದಲ್ಲಿ ಅಳೆದದ್ದು ಎಂಬ ಕಾಲಮ್ ಸೇರಿಸಿ, ಎಲ್ಲವನ್ನೂ ಒಂದೇ ಅಳತೆಗೆ ತಂದೆವು.

ಐದನೆಯ ಸಾಲಿಗೆ ಬರುತ್ತೇನೆ. ನೈಟ್ರೇಟ್ ಸೆಲ್ ಖಾಲಿ. ಮಾದರಿಯನ್ನು ಫ್ಲೋರೈಡ್‌ಗಾಗಿ ಮಾತ್ರ ಪರೀಕ್ಷಿಸಿದ್ದರು. ಖಾಲಿ ಸೆಲ್ ಅನ್ನು ಸೂತ್ರ ಸೊನ್ನೆಯೆಂದು ನೋಡುತ್ತದೆ, ಸೊನ್ನೆ 45ಕ್ಕಿಂತ ಹೆಚ್ಚಲ್ಲ, ಮೂಲ ಪಟ್ಟಿಯಿಂದ ಹೊರಗೆ. ಪರೀಕ್ಷೆಯೇ ಆಗದ ನೀರು ಹೀಗೆ ಸುರಕ್ಷಿತ ನೀರಿನ ಜೊತೆ ಸದ್ದಿಲ್ಲದೆ ಸೇರಿಬಿಡುತ್ತದೆ. ಸರ್ಕಾರಿ ಕಚೇರಿ, ಸಂಸ್ಥೆ, ಕಾಲೇಜು ಎಲ್ಲೇ ಆಗಲಿ, ಮಿತಿ ಹಾಕಿ ಪಟ್ಟಿ ತೆಗೆಯುವವರು ಖಾಲಿ ಸೆಲ್‌ಗಳಿಗೆ ಪ್ರತ್ಯೇಕ ಉತ್ತರ ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೀರಿದೆ, ಮೀರಿಲ್ಲ ಎಂಬ ಎರಡು ಉತ್ತರ ಸಾಲದು. ಗೊತ್ತಿಲ್ಲ ಎಂಬ ಮೂರನೆಯದೂ ಬೇಕು.

ಇದಕ್ಕಾಗಿ ಅಡ್ವಾನ್ಸ್ಡ್ ಫಿಲ್ಟರ್ ಬಿಟ್ಟು, ಪಟ್ಟಿಯ ಕೊನೆಗೆ "ನಿರ್ಧಾರ" ಎಂಬ ಹೊಸ ಕಾಲಮ್ ಸೇರಿಸುವ ದಾರಿ ಹಿಡಿದೆವು. ಒಂದೊಂದೇ ಸಾಲನ್ನು ನೋಡುವ ಸೂತ್ರ ಇದು, ಕಾಲಮ್ ಹೆಸರಿನ ಜಾಗದಲ್ಲಿ ಇಲ್ಲಿ ಆ ಸಾಲಿನ ಸೆಲ್ ಮಾತ್ರ ಬರಬೇಕು, ಹಾಗಾಗಿ ಆರ್ ಫಂಕ್ಷನ್ ಇಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ, ಹಳೆಯ ಎಕ್ಸೆಲ್‌ನಲ್ಲೂ ನಡೆಯುತ್ತದೆ.

=ಇಫ್(ಬಳಕೆ<>"ಕುಡಿಯಲು", "ಬೇರೆ ಬಳಕೆ", ಇಫ್(ಆರ್(ಎನ್(ಫ್ಲೋರೈಡ್)>1.5, ಎನ್(ನೈಟ್ರೇಟ್)>45), "ಮೀರಿದೆ", ಇಫ್(ಕೌಂಟ್(ಫ್ಲೋರೈಡ್, ನೈಟ್ರೇಟ್)<2, "ಪರೀಕ್ಷೆ ಬಾಕಿ", "ಮಿತಿಯೊಳಗೆ")))

ಇಲ್ಲಿ ಎನ್ ಎಂಬ ಪುಟ್ಟ ಫಂಕ್ಷನ್ ಅಂಕಿಯನ್ನು ಅಂಕಿಯಾಗಿಯೇ ಬಿಟ್ಟು ಅಕ್ಷರವನ್ನು ಸೊನ್ನೆ ಮಾಡುತ್ತದೆ. ಹೀಗಾಗಿ ಅಕ್ಷರ ದೊಡ್ಡದೆಂಬ ಗೊಂದಲ ಇಲ್ಲವಾಗುತ್ತದೆ. ನಂತರ ಬರುವ ಕೌಂಟ್ ಆ ಎರಡು ಸೆಲ್‌ಗಳಲ್ಲಿ ನಿಜವಾದ ಅಂಕಿಗಳೆಷ್ಟು ಎಂದು ನೋಡುತ್ತದೆ. ಖಾಲಿ ಇದ್ದರೂ, ಎಲ್ಲೋ ಒಂದು "2.4 ಮಿ.ಗ್ರಾಂ" ಶುದ್ಧವಾಗದೆ ಉಳಿದಿದ್ದರೂ, ಆ ಸಾಲು ಮಿತಿಯೊಳಗೆ ಎಂದಾಗದೆ "ಪರೀಕ್ಷೆ ಬಾಕಿ" ಎಂದು ಎದ್ದುನಿಲ್ಲುತ್ತದೆ. ಸೂತ್ರ ತಪ್ಪುವುದಾದರೆ ಹೀಗೆ ಕಣ್ಣಿಗೆ ಬೀಳುವಂತೆ ತಪ್ಪಬೇಕು. ಒಂದು ಅಂಕಿ ಮೀರಿದ್ದು ಇನ್ನೊಂದು ಖಾಲಿ ಇದ್ದರೆ "ಮೀರಿದೆ" ಎಂದೇ ಬರುತ್ತದೆ, ಅದೂ ಸರಿ: ಎರಡನೆಯ ಪರೀಕ್ಷೆಗೆ ಕಾಯುವ ಅಗತ್ಯ ಅಲ್ಲಿಲ್ಲ. ಕೊನೆಗೆ ನಿರ್ಧಾರದ ಕಾಲಮ್ ಮೇಲೆ ಸಾಮಾನ್ಯ ಫಿಲ್ಟರ್ ಹಾಕಿದರೆ ಸಾಕು. ಬಾಣ ಒತ್ತಿ ಗುರುತು ಹಾಕುವುದು ಕಚೇರಿಯಲ್ಲಿ ಎಲ್ಲರಿಗೂ ಬರುತ್ತದೆ.

ಮೇಲೆ ಓದಲು ಸುಲಭವಾಗಲೆಂದು ಸೂತ್ರದಲ್ಲೇ ತೋರಿಸಿದ 1.5, 45 ಎಂಬ ಅಂಕಿಗಳನ್ನು ಕಡತದಲ್ಲಿ ಸೂತ್ರದೊಳಗೆ ಹೂಳದೆ ಬೇರೆ ಎರಡು ಸೆಲ್‌ಗಳಲ್ಲಿ ಇಟ್ಟೆವು. ಕಾರಣವಿದೆ. ಬಿಸಿಲ ನಾಡಿನಲ್ಲಿ ಹೊಲದಲ್ಲಿ ದುಡಿಯುವವರು ಕುಡಿಯುವ ನೀರು ಹೆಚ್ಚು, ದೇಹಕ್ಕೆ ಸೇರುವ ಫ್ಲೋರೈಡೂ ಅಷ್ಟೇ ಹೆಚ್ಚು. ಹಾಗಾಗಿ 1ರಿಂದ 1.5ರ ನಡುವೆ ಇರುವ ಮೂಲಗಳನ್ನೂ ಕಣ್ಣಿಡಬೇಕಾದವು ಎಂದು ಬೇರೆಯಾಗಿ ತೆಗೆಯಲು ಕಾರ್ಯಕರ್ತೆ ಒತ್ತಾಯಿಸಿದರು, ಅದು ಸರಿಯಾದ ಒತ್ತಾಯ. ಒಂದೇ ಕಾಲಮ್‌ಗೆ ಕೆಳಮಿತಿ, ಮೇಲ್ಮಿತಿ ಎರಡನ್ನೂ ಅಡ್ವಾನ್ಸ್ಡ್ ಫಿಲ್ಟರ್‌ನಲ್ಲಿ ಕೊಡಬೇಕಾದರೆ ಷರತ್ತಿನ ಕೋಷ್ಟಕದಲ್ಲಿ ಫ್ಲೋರೈಡ್ ತಲೆಬರಹವನ್ನು ಎರಡು ಬಾರಿ ಅಕ್ಕಪಕ್ಕ ಬರೆದು, ಒಂದರ ಕೆಳಗೆ >1, ಇನ್ನೊಂದರ ಕೆಳಗೆ <=1.5 ಎಂದು ಒಂದೇ ಸಾಲಿನಲ್ಲಿ ಹಾಕಬೇಕು.

ಉತ್ತರ ಸರಿಯೇ ಎಂದು ನೋಡಲು ನಾನು ನೆಚ್ಚುವುದು ಎಣಿಕೆಯನ್ನು. ಕೌಂಟಿಫ್ಸ್ ಫಂಕ್ಷನ್ ಹಲವು ಕಾಲಮ್‌ಗಳ ಷರತ್ತುಗಳೆಲ್ಲ ನಿಜವಾದ ಸಾಲುಗಳನ್ನು ಎಣಿಸುತ್ತದೆ, ಪರ್ಯಾಯಗಳನ್ನು ಎಣಿಸುವುದಿಲ್ಲ. ಆದ್ದರಿಂದ ಕುಡಿಯಲು ಬಳಸುವ, ಫ್ಲೋರೈಡ್ ಮೀರಿದವನ್ನು ಒಮ್ಮೆ ಎಣಿಸಿ, ನೈಟ್ರೇಟ್ ಮೀರಿದವನ್ನು ಇನ್ನೊಮ್ಮೆ ಎಣಿಸಿ ಕೂಡಿಸಿ, ಎರಡೂ ಮೀರಿದವನ್ನು ಕಳೆಯಬೇಕು. ಮೇಲಿನ ಮಾದರಿಯಲ್ಲಿ 2 ಮತ್ತು 2 ಕೂಡಿ 1 ಕಳೆದರೆ 3. ನಿರ್ಧಾರದ ಕಾಲಮ್‌ನಲ್ಲಿ "ಮೀರಿದೆ" ಎಂದು ಬಂದ ಸಾಲುಗಳೂ ಅಷ್ಟೇ ಇರಬೇಕು. ಬೇರೆ ಬೇರೆ ದಾರಿಯಲ್ಲಿ ಹೋದ ಎರಡು ಲೆಕ್ಕಗಳು ಒಂದೇ ಕಡೆ ಬಂದು ನಿಂತ ಮೇಲೆಯೇ ಪಟ್ಟಿಯನ್ನು ಮುದ್ರಿಸಲು ಒಪ್ಪಿದೆ.

ಘಟಕದ ಷರತ್ತು ಇನ್ನೂ ಬಾಕಿ ಇತ್ತು. ಅದು ಬೇರೆ ಶೀಟ್‌ನಲ್ಲಿದೆ, ಅಲ್ಲಿ ಸಾಲೆಂದರೆ ಬಾವಿಯಲ್ಲ, ಊರು. ಎರಡನ್ನೂ ಜೋಡಿಸಲು ಊರಿನ ಹೆಸರನ್ನು ನಂಬಿದರೆ ಕೆಲಸ ಕೆಡುತ್ತಿತ್ತು. ಕೆಲವು ಹೆಸರುಗಳನ್ನು ಹಳೆಯ ನುಡಿ ಅಕ್ಷರಶೈಲಿಯಲ್ಲಿ, ಉಳಿದವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರು. ಹಾಳೆಯ ಮೇಲೆ ಎರಡೂ ಕನ್ನಡವಾಗಿಯೇ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಮೊದಲನೆಯದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಿಲ್ಟರ್‌ನ ಬಾಣ ಒತ್ತಿ ಪಟ್ಟಿ ಇಳಿಸಿದರೆ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವುದು ಅದಕ್ಕೇ. ಯೂನಿಕೋಡ್‌ನಲ್ಲಿ ಇದ್ದವುಗಳಲ್ಲೂ ಮೊಳಕಾಲ್ಮೂರು ಒಂದು ಕಡೆ ಮೊಳಕಾಲ್ಮುರು ಆಗಿತ್ತು, ಕೆಲವು ಹೆಸರುಗಳ ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ ಉಳಿದಿತ್ತು. ಹಳೆಯ ಅಕ್ಷರಶೈಲಿಯ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿದೆವು, ಖಾಲಿ ಜಾಗಗಳನ್ನು ಟ್ರಿಮ್ ಫಂಕ್ಷನ್‌ನಿಂದ ತೆಗೆದೆವು. ಆದರೂ ಹೆಸರಿನ ಮೇಲೆ ಭಾರ ಹಾಕದೆ ಕೇಂದ್ರ ಸರ್ಕಾರದ ಸ್ಥಳೀಯ ಸಂಸ್ಥೆಗಳ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಇರುವ ಸಂಕೇತ ಸಂಖ್ಯೆಯನ್ನು ಎರಡೂ ಶೀಟ್‌ಗಳಲ್ಲಿ ಸೇರಿಸಿದೆವು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದು. ಹೆಚ್ಚು ಕಾಲ ಬಾಳುವುದೂ ಇದೇ ಎಂದು ನನ್ನ ಎಣಿಕೆ.

ಸಂಕೇತ ಬಂದ ಮೇಲೆ ಉಳಿದದ್ದು ಸಲೀಸು. ಪ್ರತಿ ಬಾವಿಯ ಸಾಲಿನಲ್ಲೂ, ಆ ಊರಿನ ಸಂಕೇತ ಇರುವ, ಸ್ಥಿತಿ "ಚಾಲನೆಯಲ್ಲಿದೆ" ಎಂದಿರುವ ಘಟಕಗಳು ಎಷ್ಟು ಎಂದು ಕೌಂಟಿಫ್ಸ್ ಎಣಿಸುತ್ತದೆ. ಸೊನ್ನೆ ಬಂದರೆ ನಡೆಯುವ ಘಟಕವಿಲ್ಲ. ಘಟಕವೇ ಇಲ್ಲದ ಊರೂ, ಘಟಕವಿದ್ದು ಕೆಟ್ಟಿರುವ ಊರೂ ಒಂದೇ ಏಟಿಗೆ ಇದರಲ್ಲಿ ಸಿಗುತ್ತವೆ.

ಇನ್ನು ಒಂದೇ ಬಾವಿಗೆ ಹಲವು ದಿನಾಂಕಗಳ ವರದಿ ಇದ್ದಲ್ಲಿ ಯಾವುದನ್ನು ಹಿಡಿಯಬೇಕು? ಕೊನೆಯದನ್ನು ಹಿಡಿಯಿರಿ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಮಳೆ ಬಂದು ಅಂತರ್ಜಲ ಏರಿದಾಗ ತೆಗೆದ ಮಾದರಿಯಲ್ಲಿ ಅಂಕಿ ಇಳಿದಿರಬಹುದು, ಬೇಸಿಗೆಯಲ್ಲಿ ಮತ್ತೆ ಏರಬಹುದು. ಜನ ವರ್ಷವಿಡೀ ಕುಡಿಯುವವರು. ಕಳೆದ ಒಂದು ವರ್ಷದ ವರದಿಗಳಲ್ಲಿ ಯಾವುದಾದರೂ ಒಂದರಲ್ಲಿ ಮೀರಿದ್ದರೂ ಆ ಬಾವಿ ಪಟ್ಟಿಯಲ್ಲಿರಬೇಕು ಎಂದು ತೀರ್ಮಾನವಾಯಿತು. ದಿನಾಂಕದ ಕಾಲಮ್‌ನಲ್ಲೂ ಅಕ್ಷರವಾಗಿ ಕುಳಿತ ದಿನಾಂಕಗಳಿದ್ದವು, ಅವುಗಳಿಗೂ ಅಂಕಿಗಳಿಗೆ ಮಾಡಿದ ಶುದ್ಧೀಕರಣವನ್ನೇ ಮಾಡಿದೆವು.

ಹೊಸ ಪಟ್ಟಿ ಹಳೆಯದಕ್ಕಿಂತ ಬಹಳ ಉದ್ದವಾಯಿತು. ಹಲ್ಲಿನ ಕಲೆಯ ಊರು ಅದರಲ್ಲಿತ್ತು. ಸಂಸ್ಥೆ ಪಂಚಾಯಿತಿಗಳಿಗೆ ಕಳಿಸಿದ್ದು ಒಂದಲ್ಲ, ಎರಡು ಪಟ್ಟಿ: ಮಿತಿ ಮೀರಿದ, ನಡೆಯುವ ಘಟಕವಿಲ್ಲದ ಮೂಲಗಳದ್ದು ಒಂದು, ಪರೀಕ್ಷೆ ಬಾಕಿ ಇರುವ ಮೂಲಗಳದ್ದು ಇನ್ನೊಂದು. ಎರಡನೆಯದನ್ನು ಹಿಡಿದು ಮಾದರಿ ಬಾಟಲಿಗಳೊಂದಿಗೆ ಊರೂರಿಗೆ ಹೊರಟ ಕಾರ್ಯಕರ್ತೆಗೆ ಒಂದು ಕಡೆ ನೀರುಗಂಟಿ ಸಿಕ್ಕರು. ಪಟ್ಟಿಯ ಪ್ರಕಾರ ಅಲ್ಲಿನ ಘಟಕ ಚಾಲನೆಯಲ್ಲಿತ್ತು. "ಘಟಕ ಇದೆಯಮ್ಮ, ಮೋಟಾರು ಸುಟ್ಟು ಎರಡು ತಿಂಗಳಾಯಿತು. ಯಾರೂ ಬಂದು ನೋಡಿಲ್ಲ" ಎಂದರು ಅವರು. ಘಟಕದ ಶೀಟ್‌ನಲ್ಲಿ ಸ್ಥಿತಿ ಇತ್ತು, ಆ ಸ್ಥಿತಿಯನ್ನು ಯಾರು, ಯಾವಾಗ ನೋಡಿ ಬರೆದರು ಎಂಬುದು ಇರಲಿಲ್ಲ.

ಈಗ ಅಲ್ಲಿ "ಕೊನೆಯ ಬಾರಿ ನೋಡಿದ ದಿನ" ಎಂಬ ಕಾಲಮ್ ಸೇರಿದೆ, ಕೌಂಟಿಫ್ಸ್‌ಗೆ ಮೂರನೆಯ ಷರತ್ತೂ ಸೇರಿದೆ: ಆ ದಿನ ಇಂದಿನಿಂದ ಹಿಂದಿನ 30 ದಿನಗಳೊಳಗೆ ಇರಬೇಕು. ಅದಕ್ಕಿಂತ ಹಳೆಯ "ಚಾಲನೆಯಲ್ಲಿದೆ" ಎಂಬ ಬರಹವನ್ನು ಶೀಟ್ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಮಿತಿ ಮೀರಿದ ಬಾವಿಯಿರುವ ಊರು ತಾನಾಗಿಯೇ ಮತ್ತೆ ಪಟ್ಟಿಗೆ ಬರುತ್ತದೆ, ಯಾರಾದರೂ ಹೋಗಿ ನಲ್ಲಿ ತಿರುಗಿಸಿ ನೋಡಿ ದಿನಾಂಕ ಬರೆಯುವವರೆಗೂ ಅಲ್ಲಿಯೇ ಇರುತ್ತದೆ.